ಬೆರಳ ತುದಿಯ ಕೀಲು ಮುರಿದಾಗ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು



‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಸಂಸಾರದ ಸುಖವು ದುಡಿಯುವ ಕೈಗಳನ್ನೇ ಅವಲಂಬಿಸಿದೆ. ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆ ಮತ್ತು ಅವರ ಅಂತರಕ್ಕೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಮನೆಯನ್ನು ನಡೆಸುವ ಗಂಡ ಹೆಂಡಿರ ನಾಲ್ಕು ಕೈಗಳೂ ಸುಸ್ಥಿತಿಯಲ್ಲಿರುವುದು ಅದರ ಒಂದು ಮುಖ್ಯ ಅಂಗ.

ಬೆಂಗಳೂರು–ಹೊಸೂರು ಹೆದ್ದಾರಿಯಲ್ಲಿ ಕರ್ನಾಟಕದ ಗಡಿಯಂಚಿಗಿರುವ ನಮ್ಮ ಅತ್ತಿಬೆಲೆಯು ಆನೇಕಲ್ ತಾಲ್ಲೂಕಿಗೆ ಸೇರಿದೆ. ಇಲ್ಲಿ ಒಂದು ಕಡೆ ರಾಗಿಯ ಹೊಲ, ಹೂವು ತರಕಾರಿಗಳ ತೋಟ, ದನಕರುಗಳ ಕೊಟ್ಟಿಗೆ. ಮತ್ತೊಂದು ಕಡೆ ಅತ್ತಿಬೆಲೆ, ಬೊಮ್ಮಸಂದ್ರ, ಜಿಗಣಿಗಳ ಕೈಗಾರಿಕಾ ಪ್ರದೇಶಗಳು. ಒಂದೇ ಮನೆಯಲ್ಲಿ ಗಂಡನು ಕಾರ್ಖಾನೆಯ ಪ್ರೆಸ್ಸಿನ ಮುಂದೆ ನಿಂತಿರುತ್ತಾನೆ, ಹೆಂಡತಿಯು ಹಾಲು ಕರೆದು, ಮೇವು ಕತ್ತರಿಸಿ, ಬಳಿಕ ತಾನೂ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುತ್ತಾಳೆ. ಇಂತಹ ಊರಿನಲ್ಲಿ ಬೆರಳಿಗೆ ಪೆಟ್ಟಾಗುವ ಸಂದರ್ಭಗಳಿಗೆ ಕೊರತೆಯಿಲ್ಲ. ಆದರೆ ಕಾಲು ಮುರಿದರೆ ಆಸ್ಪತ್ರೆಗೆ ಧಾವಿಸುವ ಜನರು ಬೆರಳ ತುದಿ ಮುರಿದಾಗ ‘ಸಣ್ಣ ಪೆಟ್ಟು, ತಾನೇ ವಾಸಿಯಾಗುತ್ತದೆ’ ಎಂದು ಸುಮ್ಮನಾಗುತ್ತಾರೆ. ಈ ಉದಾಸೀನದಿಂದ ಬೆರಳು ಸೊಟ್ಟಗಾಗಿ, ಬಿಗಿದು, ಶಾಶ್ವತವಾಗಿ ಕೆಲಸಕ್ಕೆ ಬಾರದೆ ಹೋಗಬಹುದು. ಆದುದರಿಂದ ಬೆರಳ ತುದಿಯ ಕೀಲು ಮುರಿಯುವುದು ಹೇಗೆ, ಯಾವ ಮುರಿತಕ್ಕೆ ಪಟ್ಟಿ ಸಾಕು, ಯಾವುದಕ್ಕೆ ಶಸ್ತ್ರಚಿಕಿತ್ಸೆ ಅಗತ್ಯ, ಅನಂತರ ಮನೆಯಲ್ಲಿ ಯಾವ ಆರೈಕೆ ಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬೆರಳ ತುದಿಯ ರಚನೆ

ನಿಮ್ಮ ಕೈಯನ್ನೊಮ್ಮೆ ನೋಡಿಕೊಳ್ಳಿ. ಹೆಬ್ಬೆರಳಿನಲ್ಲಿ ಎರಡು, ಉಳಿದ ನಾಲ್ಕು ಬೆರಳುಗಳಲ್ಲಿ ತಲಾ ಮೂರು, ಹೀಗೆ ಒಂದು ಕೈಯ ಬೆರಳುಗಳಲ್ಲಿ ಒಟ್ಟು 14 ಮೂಳೆಗಳಿವೆ. ಉಗುರಿನ ಬುಡದಿಂದ ಸ್ವಲ್ಪ ಹಿಂದೆ ಬೆರಳು ಮಡಿಚುವ ಗೆಣ್ಣೇ ತುದಿಯ ಕೀಲು. ಇದನ್ನು ಈ ಲೇಖನದಲ್ಲಿ ‘ತುದಿಗೀಲು’ ಎಂದು ಕರೆಯೋಣ.

ಈ ಕೀಲನ್ನು ಎರಡು ಸ್ನಾಯುರಜ್ಜುಗಳು, ಅಂದರೆ ಹುರಿಯಂತಹ ಗಟ್ಟಿ ನಾರುಗಳು, ಆಡಿಸುತ್ತವೆ. ಬೆರಳಿನ ಬೆನ್ನಿನ ಮೇಲೆ ಸಾಗುವ ತೆಳುವಾದ ರಜ್ಜುವು ತುದಿಮೂಳೆಯ ಬುಡಕ್ಕೆ ಮೇಲ್ಗಡೆ ಅಂಟಿಕೊಂಡಿದ್ದು, ತುದಿಯನ್ನು ನೆಟ್ಟಗೆ ಮಾಡುತ್ತದೆ. ಅಂಗೈ ಕಡೆಯಿಂದ ಬರುವ ದಪ್ಪ ರಜ್ಜುವು ಅದೇ ಮೂಳೆಯ ಬುಡಕ್ಕೆ ಕೆಳಗಡೆ ಅಂಟಿಕೊಂಡಿದ್ದು, ತುದಿಯನ್ನು ಮಡಿಚುತ್ತದೆ. ಎತ್ತಿನ ಜೋಡಿಗೆ ಎಡಬಲದ ಹಗ್ಗಗಳಿರುವಂತೆ ಇವೆರಡೂ ಸಮತೋಲದಲ್ಲಿ ಇರಬೇಕು. ಒಂದು ಹಗ್ಗ ಕಿತ್ತುಬಂದರೆ ಎತ್ತು ಇನ್ನೊಂದು ಕಡೆಗೆ ತಿರುಗುವುದು ಸಹಜ. ಬೆರಳಿಗೂ ಹಾಗೆಯೇ ಆಗುತ್ತದೆ.

ಮುರಿತದ ಬಗೆಗಳು

ಮೊದಲನೆಯದು, ತುದಿ ಜೋತುಬೀಳುವ ಮುರಿತ. ನೆಟ್ಟಗಿರುವ ಬೆರಳ ತುದಿಗೆ ಎದುರಿನಿಂದ ಪೆಟ್ಟು ಬಿದ್ದು ಅದು ಥಟ್ಟನೆ ಕೆಳಕ್ಕೆ ಬಾಗಿದಾಗ, ಮೇಲಿನ ರಜ್ಜು ಹರಿಯುತ್ತದೆ, ಇಲ್ಲವೆ ತಾನು ಅಂಟಿಕೊಂಡಿದ್ದ ಮೂಳೆಯ ಚೂರನ್ನೇ ಕಿತ್ತುಕೊಂಡು ಹಿಂದಕ್ಕೆ ಸರಿಯುತ್ತದೆ. ವಾಲಿಬಾಲ್ ಅಥವಾ ಕ್ರಿಕೆಟ್ ಚೆಂಡು ಬಡಿದಾಗ ಹೀಗಾಗುವುದುಂಟು. ಹಾಸಿಗೆಯ ಅಡಿಗೆ ಹೊದಿಕೆಯನ್ನು ಬಿಗಿಯಾಗಿ ಸಿಕ್ಕಿಸುವಾಗ ಬೆರಳು ತಡೆದರೂ ಹೀಗಾಗಬಹುದು. ಎಷ್ಟೋ ವೇಳೆ ನೋವು ಹೆಚ್ಚಾಗಿರುವುದಿಲ್ಲ. ತುದಿ ಮಾತ್ರ ತಲೆ ತಗ್ಗಿಸಿದಂತೆ ಜೋತುಬಿದ್ದು, ತನ್ನಷ್ಟಕ್ಕೆ ಮೇಲೇಳುವುದಿಲ್ಲ. ವೈದ್ಯರು ಇದನ್ನು ‘ಮ್ಯಾಲೆಟ್ ಬೆರಳು’ ಎನ್ನುತ್ತಾರೆ.

ಎರಡನೆಯದು, ತುದಿ ಮಡಿಚದಂತಾಗುವ ಗಾಯ. ಬಿಗಿಯಾಗಿ ಮಡಿಚಿ ಹಿಡಿದ ಬೆರಳನ್ನು ಯಾವುದಾದರೂ ಬಲವು ಎಳೆದು ನೆಟ್ಟಗೆ ಮಾಡಿದಾಗ ಕೆಳಗಿನ ರಜ್ಜು ಕಿತ್ತುಬರುತ್ತದೆ. ಕಬಡ್ಡಿಯಲ್ಲಿ ಎದುರಾಳಿಯ ಅಂಗಿಯನ್ನು ಹಿಡಿದಾಗ ಅವನು ಕೊಸರಿಕೊಂಡು ಓಡಿದರೆ, ಅಥವಾ ಬೆದರಿದ ಹಸುವಿನ ಕೊರಳ ಹಗ್ಗವನ್ನು ಹಿಡಿದಾಗ ಅದು ಜಗ್ಗಿದರೆ ಹೀಗಾಗಬಹುದು. ಉಂಗುರದ ಬೆರಳಿಗೇ ಇದು ಹೆಚ್ಚಾಗಿ ಸಂಭವಿಸುತ್ತದೆ. ಬೆರಳು ನೋಡಲು ನೆಟ್ಟಗೇ ಇರುವುದರಿಂದ ಮನೆಯವರಿಗೆ ಅನುಮಾನ ಬರುವುದಿಲ್ಲ.

ಮೂರನೆಯದು, ಜಜ್ಜಿದ ಗಾಯ. ಯಂತ್ರ, ಕಲ್ಲು, ಟ್ರ್ಯಾಕ್ಟರಿನ ಹಿಂಬಾಗಿಲು, ಅಂಗಡಿಯ ಷಟರು ಇವುಗಳ ನಡುವೆ ಬೆರಳು ಸಿಕ್ಕಿದಾಗ ತುದಿಮೂಳೆ ಚೂರಾಗಬಹುದು, ಉಗುರಿನಡಿ ರಕ್ತ ಕಟ್ಟಿ ಅಸಾಧ್ಯವಾದ ನೋವು ಬರಬಹುದು, ಮುರಿತವು ಕೀಲಿನವರೆಗೂ ಹಬ್ಬಬಹುದು.

ನಾಲ್ಕನೆಯದು, ಮಕ್ಕಳಲ್ಲಿ ಆಗುವ ವಿಶೇಷ ಮುರಿತ. ಬೆಳೆಯುವ ಮಕ್ಕಳ ತುದಿಮೂಳೆಯ ಬುಡದಲ್ಲಿ ಮೂಳೆ ಉದ್ದವಾಗಲು ಕಾರಣವಾದ ಮೃದು ಪದರವೊಂದಿದೆ. ಬಾಗಿಲ ಸಂದಿಗೆ ಬೆರಳು ಸಿಕ್ಕಿದಾಗ ಮೂಳೆಯು ಈ ಪದರದ ಬಳಿ ಮುರಿದು, ಉಗುರು ತನ್ನ ಬುಡದಿಂದ ಹೊರಗೆದ್ದು ಬರುತ್ತದೆ. 1966ರಲ್ಲಿ ಇದನ್ನು ವಿವರಿಸಿದ ವೈದ್ಯರ ಹೆಸರಿನಿಂದ ಇದಕ್ಕೆ ‘ಸೀಮೋರ್ ಮುರಿತ’ ಎನ್ನುತ್ತಾರೆ. ಮೇಲುನೋಟಕ್ಕೆ ಇದು ಉಗುರಿನ ಗಾಯದಂತೆ ಕಂಡರೂ ವಾಸ್ತವವಾಗಿ ತೆರೆದ ಮೂಳೆ ಮುರಿತ. ತೊಳೆದು ಸರಿಪಡಿಸದಿದ್ದರೆ ಮೂಳೆಗೆ ಕೀವು ತಗುಲಿ ಬೆರಳಿನ ಬೆಳವಣಿಗೆಯೇ ನಿಂತುಹೋಗಬಹುದು. ಮಗುವಿನ ಉಗುರಿನ ಬುಡದಲ್ಲಿ ರಕ್ತ ಒಸರುತ್ತಿದ್ದು, ಇತರ ಬೆರಳುಗಳಿಗಿಂತ ಆ ಉಗುರು ಉದ್ದವಾಗಿ ತೋರಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯಲ್ಲಿಯೇ ಮಾಡಬಹುದಾದ ಎರಡು ಪರೀಕ್ಷೆಗಳು

ತೆರೆದ ಗಾಯವಿಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ಸೇರಿ ಈ ಪರೀಕ್ಷೆ ಮಾಡಬಹುದು. ಪೆಟ್ಟು ಬಿದ್ದವರು ಅಂಗೈಯನ್ನು ಕೆಳಗೆ ಮಾಡಿ ಮೇಜಿನ ಮೇಲಿಡಲಿ. ಜೊತೆಗಾರರು ಬೆರಳಿನ ನಡುಭಾಗವನ್ನು ಮೆಲ್ಲಗೆ ಹಿಡಿದುಕೊಳ್ಳಲಿ. ಈಗ ತುದಿಯನ್ನು ಮಾತ್ರ ಮೇಲಕ್ಕೆ ಎತ್ತಲು ಬರುವುದೇ ನೋಡಿ. ಬಾರದಿದ್ದರೆ ಮೇಲಿನ ರಜ್ಜು ಅಥವಾ ಅದರ ಮೂಳೆ ಕಿತ್ತಿದೆಯೆಂದು ತಿಳಿಯಬೇಕು. ಬಳಿಕ ಅಂಗೈಯನ್ನು ಮೇಲೆ ಮಾಡಿ, ಹಾಗೆಯೇ ನಡುಭಾಗವನ್ನು ಹಿಡಿದು, ತುದಿಯನ್ನು ಮಡಿಚಲು ಬರುವುದೇ ನೋಡಿ. ಬಾರದಿದ್ದರೆ ಕೆಳಗಿನ ರಜ್ಜು ಕಿತ್ತಿದೆ.

ಯಾವುದೇ ಕಾರಣಕ್ಕೂ ಬಲವಂತ ಮಾಡಕೂಡದು. ‘ಬೆರಳು ಆಡುತ್ತದೆ, ಆದುದರಿಂದ ಮೂಳೆ ಮುರಿದಿಲ್ಲ’ ಎಂದು ತೀರ್ಮಾನಿಸುವುದೂ ತಪ್ಪು. ಬಾವು ಮತ್ತು ನೋವು ಇದ್ದರೆ ಕ್ಷ-ಕಿರಣ ಚಿತ್ರವೇ ನಿರ್ಣಾಯಕ. ಅದರಲ್ಲಿಯೂ ಬೆರಳಿನ ಪಕ್ಕದಿಂದ ತೆಗೆದ ಚಿತ್ರವು ಅತ್ಯಗತ್ಯ. ಮೂಳೆಯ ಚೂರು ಎಷ್ಟು ದೊಡ್ಡದು, ಕೀಲು ಸರಿದಿದೆಯೇ ಎಂಬುದು ಅದರಲ್ಲಿ ಮಾತ್ರ ಸ್ಪಷ್ಟವಾಗುತ್ತದೆ.

ಪೆಟ್ಟು ಬಿದ್ದ ಕೂಡಲೆ

1. ಉಂಗುರ, ದಾರ, ಬಳೆಗಳನ್ನು ತಕ್ಷಣ ತೆಗೆಯಿರಿ. ಬಾವು ಬಂದ ಮೇಲೆ ಉಂಗುರವು ಬೆರಳಿನ ರಕ್ತಸಂಚಾರವನ್ನೇ ತಡೆಯಬಲ್ಲುದು. ಮದುವೆಯ ಉಂಗುರವನ್ನು ತೆಗೆಯಬಾರದೆಂಬ ಸಂಕೋಚ ಬೇಡ. ಉಂಗುರವನ್ನು ಮತ್ತೆ ತೊಡಬಹುದು, ಹೋದ ಬೆರಳನ್ನು ತರಲಾಗದು.

2. ಗಾಯವಿದ್ದರೆ ಶುದ್ಧವಾದ ಹರಿಯುವ ನೀರಿನಲ್ಲಿ ತೊಳೆದು, ಒಗೆದ ಬಟ್ಟೆಯಿಂದ ಮುಚ್ಚಿ, ರಕ್ತ ಹರಿಯುತ್ತಿದ್ದರೆ ಹತ್ತು ನಿಮಿಷ ಸಮನಾಗಿ ಒತ್ತಿಹಿಡಿಯಿರಿ. ಬೆರಳಿನ ಬುಡಕ್ಕೆ ದಾರ ಅಥವಾ ರಬ್ಬರ್ ಬ್ಯಾಂಡನ್ನು ಬಿಗಿಯಬೇಡಿ.

3. ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆ ಎತ್ತಿ ಹಿಡಿಯಿರಿ. ಗಾಯವಿಲ್ಲದಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಡಬಹುದು.

4. ಐಸ್‌ಕ್ರೀಮ್ ಕಡ್ಡಿಯಂತಹ ಚಪ್ಪಟೆ ಕಡ್ಡಿಗೆ ಮೆತ್ತನೆಯ ಬಟ್ಟೆ ಸುತ್ತಿ, ಬೆರಳಿಗೆ ಆಧಾರವಾಗಿ ಸಡಿಲವಾಗಿ ಕಟ್ಟಿ ಆಸ್ಪತ್ರೆಗೆ ಹೊರಡಿರಿ.

5. ಬೆರಳ ತುದಿ ತುಂಡಾಗಿ ಬಿದ್ದಿದ್ದರೆ ಆ ತುಂಡನ್ನು ಎಸೆಯಬೇಡಿ. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿರಿಸಿ ಜೊತೆಯಲ್ಲಿ ಒಯ್ಯಿರಿ. ತುಂಡಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ಕೈಗೆ ಭಾರಿ ಗಾಯವಾಗಿದ್ದರೆ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ತರಿಸಿರಿ.

6. ಗಾಯವಿದ್ದರೆ ಧನುರ್ವಾಯು ನಿರೋಧಕ ಚುಚ್ಚುಮದ್ದಿನ ವಿಷಯವನ್ನು ವೈದ್ಯರಲ್ಲಿ ತಪ್ಪದೆ ಕೇಳಿರಿ. ಹಿಂದೆ ಯಾವಾಗ ಹಾಕಿಸಿಕೊಂಡಿದ್ದಿರೆಂಬುದನ್ನೂ ತಿಳಿಸಿರಿ.

ಮಾಡಬಾರದುದು

ಗಾಯಕ್ಕೆ ಕಾಫಿಪುಡಿ, ಸುಣ್ಣ, ಸೀಮೆಎಣ್ಣೆ, ಗ್ರೀಸು, ಸಗಣಿ ಇವುಗಳನ್ನು ಹಚ್ಚುವುದರಿಂದ ನಂಜೇರುವ ಅಪಾಯವಿದೆ. ‘ಎಳೆದು ಕೂರಿಸುವುದು’, ಎಣ್ಣೆ ಹಾಕಿ ತಿಕ್ಕುವುದು ಇವು ಮುರಿದ ಚೂರನ್ನು ಇನ್ನಷ್ಟು ಸರಿಸುತ್ತವೆ. ನಾಟಿ ಕಟ್ಟಿನ ಮೇಲೆ ನಮ್ಮ ಜನರಿಗೆ ಬಹು ಕಾಲದ ನಂಬಿಕೆಯಿರುವುದು ನಿಜ. ಆದರೆ ಬೆರಳ ತುದಿಗೆ ರಕ್ತವನ್ನು ಒಯ್ಯುವ ನಾಳಗಳು ಅತಿ ಸಣ್ಣವು. ಬಿದಿರ ದಬ್ಬೆಯಿಟ್ಟು ಬಿಗಿದ ಕಟ್ಟಿನ ಒಳಗೆ ಬಾವು ಏರಿದರೆ ರಕ್ತಸಂಚಾರ ನಿಂತು ಬೆರಳು ಕಪ್ಪಾಗಬಹುದು. ಕೀಲಿನೊಳಗಿನ ಮುರಿತವು ಕಣ್ಣಿಗೆ ಕಾಣದು, ಕೈಗೆ ಸಿಗದು. ಅದನ್ನು ಚಿತ್ರ ನೋಡಿಯೇ ಕೂಡಿಸಬೇಕು. ಈಗಾಗಲೇ ಕಟ್ಟು ಕಟ್ಟಿಸಿದ್ದು ಬೆರಳು ತಣ್ಣಗಾಗಿದ್ದರೆ, ಜೋಮು ಹಿಡಿದಿದ್ದರೆ, ಬಣ್ಣ ಬದಲಾಗಿದ್ದರೆ ಒಂದು ಗಂಟೆಯನ್ನೂ ಕಾಯದೆ ಅದನ್ನು ಬಿಡಿಸಿ ವೈದ್ಯರಲ್ಲಿಗೆ ಹೋಗಿರಿ.

ಪಟ್ಟಿಯಿಂದಲೇ ಗುಣವಾಗುವ ಮುರಿತಗಳು

ಬೆರಳ ತುದಿಯ ಮುರಿತಗಳಲ್ಲಿ ಬಹುಪಾಲು ಶಸ್ತ್ರಚಿಕಿತ್ಸೆಯಿಲ್ಲದೆಯೇ ಗುಣವಾಗುತ್ತವೆ. ತುದಿ ಜೋತುಬಿದ್ದು, ಮೂಳೆಯ ಚೂರು ಸಣ್ಣದಾಗಿದ್ದು, ಕೀಲು ತನ್ನ ಸ್ಥಾನದಲ್ಲಿಯೇ ಇದ್ದರೆ ತುದಿಗೀಲನ್ನು ನೆಟ್ಟಗೆ ಹಿಡಿದಿಡುವ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಪಟ್ಟಿಯೊಂದು ಸಾಕು. ನಡುಗೆಣ್ಣು ಯಥಾಪ್ರಕಾರ ಆಡುತ್ತಿರಬೇಕು.

ಈ ಪಟ್ಟಿಯನ್ನು ಆರರಿಂದ ಎಂಟು ವಾರಗಳ ಕಾಲ ಹಗಲೂ ರಾತ್ರಿಯೂ ಧರಿಸಬೇಕು. ಊಟಕ್ಕೆಂದು, ಸ್ನಾನಕ್ಕೆಂದು, ನೆಂಟರ ಮನೆಯ ಮದುವೆಗೆಂದು ಬಿಚ್ಚಿ ಬೆರಳನ್ನು ಮಡಿಚಿದರೆ, ಆಗತಾನೆ ಕೂಡುತ್ತಿದ್ದ ರಜ್ಜು ಮತ್ತೆ ಹಿಗ್ಗುತ್ತದೆ. ಒಮ್ಮೆ ತುದಿ ಬಾಗಿತೆಂದರೆ ವಾರಗಳ ಲೆಕ್ಕವನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಚಿಕಿತ್ಸೆ ವಿಫಲವಾಗಲು ಇದೇ ಮುಖ್ಯ ಕಾರಣ.

ಪಟ್ಟಿಯಡಿಯ ಚರ್ಮ ಒದ್ದೆಯಾಗಿ ಕೊಳೆಯದಂತೆ ದಿನಕ್ಕೊಮ್ಮೆ ಅದನ್ನು ಬಿಚ್ಚಿ ಒರೆಸಬೇಕು. ಇದಕ್ಕೆ ಎರಡು ಜನ ಬೇಕು. ಪೆಟ್ಟಾದವರು ಬೆರಳನ್ನು ಮೇಜಿನ ಮೇಲೆ ಒತ್ತಿ ನೆಟ್ಟಗೆ ಇಟ್ಟುಕೊಂಡಿರಲಿ. ಜೊತೆಗಾರರು ಪಟ್ಟಿಯನ್ನು ಜಾರಿಸಿ ತೆಗೆದು, ಬೆರಳಿನ ತುದಿಯನ್ನು ತಮ್ಮ ಬೆರಳಿನಿಂದ ಎತ್ತಿ ಹಿಡಿದು, ಚರ್ಮವನ್ನು ಒರೆಸಿ ಒಣಗಿಸಿ, ಮತ್ತೆ ಪಟ್ಟಿ ತೊಡಿಸಲಿ. ಐದು ನಿಮಿಷದ ಈ ಕೆಲಸವನ್ನು ದಂಪತಿಗಳು ಪ್ರತಿದಿನವೂ ಒಂದೇ ಹೊತ್ತಿನಲ್ಲಿ ಮಾಡುವುದು ಒಳ್ಳೆಯದು.

ಪೆಟ್ಟು ಬಿದ್ದು ಕೆಲವು ವಾರಗಳು ಕಳೆದಿವೆಯೆಂದು ಕೈಚೆಲ್ಲಬೇಕಾಗಿಲ್ಲ. ಜೋತುಬಿದ್ದ ತುದಿಗೆ ತಡವಾಗಿ ಪಟ್ಟಿ ಹಾಕಿದರೂ ಎಷ್ಟೋ ಮಂದಿಗೆ ಪ್ರಯೋಜನವಾಗಿದೆ. ಅಲಕ್ಷ್ಯ ಮಾಡಿದರೆ ಮಾತ್ರ ತುದಿ ಬಾಗಿ ನಡುಗೆಣ್ಣು ಹಿಂದಕ್ಕೆ ಡೊಂಕಾಗಿ, ಹಂಸದ ಕೊರಳಿನಂತೆ ಬೆರಳು ವಿಕಾರವಾಗುವ ಸಂಭವವಿದೆ.

ಶಸ್ತ್ರಚಿಕಿತ್ಸೆ ಯಾವಾಗ ಬೇಕು?

ಶಸ್ತ್ರಚಿಕಿತ್ಸೆ ಎಂಬ ಪದ ಕೇಳಿದೊಡನೆ ಬೆರಳನ್ನು ಕತ್ತರಿಸುತ್ತಾರೆಂದು ಭಯಪಡುವವರಿದ್ದಾರೆ. ವಾಸ್ತವವಾಗಿ ಅದು ಬೆರಳನ್ನು ಉಳಿಸುವುದಕ್ಕಾಗಿ ಮಾಡುವ ಕೆಲಸ. ಕೆಳಗಿನ ಸಂದರ್ಭಗಳಲ್ಲಿ ಮೂಳೆತಜ್ಞರು ಅದನ್ನು ಸಲಹೆ ಮಾಡುತ್ತಾರೆ:

ಕಿತ್ತುಬಂದ ಚೂರು ಕೀಲಿನ ಮೇಲ್ಮೈಯ ಸುಮಾರು ಮೂರನೆಯ ಒಂದು ಭಾಗಕ್ಕಿಂತ ದೊಡ್ಡದಾಗಿದ್ದಾಗ. ತುದಿಮೂಳೆಯು ತನ್ನ ಸ್ಥಾನದಿಂದ ಕೆಳಕ್ಕೆ ಸರಿದಿದ್ದಾಗ. ಚರ್ಮ ಹರಿದು ಮೂಳೆ ಅಥವಾ ಕೀಲು ತೆರೆದುಕೊಂಡಾಗ. ತುದಿಯನ್ನು ಮಡಿಚುವ ಕೆಳಗಿನ ರಜ್ಜು ಕಿತ್ತುಬಂದಾಗ. ಮಕ್ಕಳಲ್ಲಿ ಉಗುರಿನ ಬುಡ ಮೂಳೆಯ ಸಂದಿಯಲ್ಲಿ ಸಿಕ್ಕಿಕೊಂಡಾಗ. ಉಗುರಿನ ಹಾಸು ಹರಿದು ಮೂಳೆ ಚೂರುಚೂರಾದಾಗ.

ಇವುಗಳಲ್ಲಿ ತೆರೆದ ಗಾಯಗಳನ್ನು ಅದೇ ದಿನ ತೊಳೆದು ಸರಿಪಡಿಸಬೇಕು. ಕೆಳಗಿನ ರಜ್ಜು ಕಿತ್ತಿದ್ದರೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗುವುದು ಲೇಸು. ಆ ರಜ್ಜು ಅಂಗೈಯವರೆಗೆ ಹಿಂದೆ ಸರಿದು, ರಕ್ತದ ಪೋಷಣೆ ಕಳೆದುಕೊಂಡು ಕುಗ್ಗಿಹೋದರೆ ಮತ್ತೆ ಎಳೆದು ಜೋಡಿಸುವುದು ಕಷ್ಟ. ‘ಒಕ್ಕಣೆ ಮುಗಿಯಲಿ, ಹಬ್ಬ ಕಳೆಯಲಿ’ ಎಂದು ಮುಂದೂಡಿದ ಹದಿನೈದು ದಿನಗಳು ಜೀವಮಾನದ ನಷ್ಟಕ್ಕೆ ಕಾರಣವಾಗಬಹುದು.

ಶಸ್ತ್ರಚಿಕಿತ್ಸೆ ಹೇಗೆ ನಡೆಯುತ್ತದೆ?

ಬಹುತೇಕ ಸಂದರ್ಭಗಳಲ್ಲಿ ವಯಸ್ಕರಿಗೆ ಪೂರ್ಣ ಅರಿವಳಿಕೆ ಬೇಕಾಗುವುದಿಲ್ಲ. ಬೆರಳಿನ ಬುಡದಲ್ಲಿ ಲಿಗ್ನೋಕೇನ್ ಚುಚ್ಚುಮದ್ದನ್ನು ಕೊಟ್ಟು ಆ ಬೆರಳನ್ನು ಮಾತ್ರ ಮರಗಟ್ಟಿಸುತ್ತಾರೆ. ರೋಗಿಯು ಎಚ್ಚರವಾಗಿಯೇ ಇರುತ್ತಾನೆ. ಮುಟ್ಟಿದ್ದು ತಿಳಿಯಬಹುದು, ನೋವು ತಿಳಿಯುವುದಿಲ್ಲ. ಸಣ್ಣ ಮಕ್ಕಳು ಅಲುಗಾಡದಿರಲೆಂದು ಅವರಿಗೆ ನಿದ್ರೆ ಬರಿಸುವುದುಂಟು.

ಮೂಳೆಯನ್ನು ಹಿಡಿದಿಡಲು ಸುಮಾರು ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಯನ್ನು ಬಳಸುತ್ತಾರೆ. 1909ರಲ್ಲಿ ಇಂತಹ ತಂತಿಯನ್ನು ಬಳಕೆಗೆ ತಂದ ಜರ್ಮನಿಯ ಶಸ್ತ್ರವೈದ್ಯ ಮಾರ್ಟಿನ್ ಕಿರ್ಶ್ನರ್ ಅವರ ಹೆಸರಿನಿಂದ ಇದನ್ನು ಕಿರ್ಶ್ನರ್ ತಂತಿ ಎನ್ನುತ್ತಾರೆ. ಜೋತುಬಿದ್ದ ತುದಿಯ ದೊಡ್ಡ ಮುರಿತಕ್ಕೆ ಜಪಾನಿನ ಇಶಿಗುರೊ ಎಂಬ ವೈದ್ಯರು ಮತ್ತು ಅವರ ಸಂಗಡಿಗರು 1988ರಲ್ಲಿ ಪ್ರಕಟಿಸಿದ ವಿಧಾನವು ಇಂದು ವ್ಯಾಪಕವಾಗಿ ಬಳಕೆಯಲ್ಲಿದೆ. ಅದರ ತತ್ತ್ವ ಸರಳವಾದುದು. ಮೊದಲು ತುದಿಯನ್ನು ಮಡಿಚಿ, ಕ್ಷ-ಕಿರಣದ ಪರದೆಯಲ್ಲಿ ನೋಡುತ್ತಾ, ಮುರಿದ ಚೂರಿನ ಹಿಂದೆ ನಡುಮೂಳೆಯೊಳಕ್ಕೆ ಓರೆಯಾಗಿ ಒಂದು ತಂತಿಯನ್ನು ನಾಟುತ್ತಾರೆ. ಇದು ಗೂಟದಂತೆ ನಿಂತು ಚೂರು ಹಿಂದೆ ಸರಿಯದಂತೆ ತಡೆಯುತ್ತದೆ. ಅನಂತರ ತುದಿಯನ್ನು ನೆಟ್ಟಗೆ ಮಾಡಿದಾಗ ಮೂಳೆಯು ಚೂರಿಗೆ ಬಂದು ಕೂಡಿಕೊಳ್ಳುತ್ತದೆ. ಕೊನೆಯಲ್ಲಿ ಬೆರಳ ತುದಿಯಿಂದ ಕೀಲಿನ ಮೂಲಕ ಎರಡನೆಯ ತಂತಿಯನ್ನು ಹಾಕಿ ಕೀಲನ್ನು ಸ್ಥಿರಗೊಳಿಸುತ್ತಾರೆ. ಚರ್ಮವನ್ನು ಕೊಯ್ಯುವ ಅಗತ್ಯವೇ ಬೀಳುವುದಿಲ್ಲ.

ಹೀಗೆ ಕೂಡದ ಮುರಿತಗಳಿಗೆ ಚರ್ಮವನ್ನು ತೆರೆದು ಸಣ್ಣ ಸ್ಕ್ರೂ ಅಥವಾ ತಂತಿಯ ಕುಣಿಕೆಯಿಂದ ಚೂರನ್ನು ಬಿಗಿಯುತ್ತಾರೆ. ಕಿತ್ತುಬಂದ ಕೆಳಗಿನ ರಜ್ಜುವನ್ನು ಹುಡುಕಿ ಎಳೆದು ತುದಿಮೂಳೆಗೆ ಮತ್ತೆ ಹೊಲಿಯುತ್ತಾರೆ. ಹರಿದ ಉಗುರಿನ ಹಾಸನ್ನು ಕೂದಲಿನಂತಹ ಸಣ್ಣ ದಾರದಿಂದ ಹೊಲಿದು, ತೊಳೆದ ಉಗುರನ್ನೇ ಅದರ ಮೇಲೆ ಮುಚ್ಚಳವಾಗಿ ಇರಿಸುವುದುಂಟು. ಕೀಲು ಬಹುವಾಗಿ ಸವೆದು ವರ್ಷಗಟ್ಟಲೆ ನೋವು ಕೊಡುತ್ತಿದ್ದರೆ, ಆ ಎರಡು ಮೂಳೆಗಳನ್ನು ನೆಟ್ಟಗೆ ಒಂದಾಗಿ ಬೆಸೆಯುವ ಶಸ್ತ್ರಚಿಕಿತ್ಸೆಯೂ ಇದೆ. ಆಗ ಕೀಲು ಆಡದಿದ್ದರೂ ನೋವು ನಿಂತು ಹಿಡಿತ ಉಳಿಯುತ್ತದೆ.

ಹೆಚ್ಚಿನವರು ಅದೇ ದಿನ ಅಥವಾ ಮರುದಿನ ಮನೆಗೆ ಹೋಗಬಹುದು. ತಂತಿಗಳ ಬಾಗಿಸಿದ ತುದಿ ಚರ್ಮದ ಹೊರಗೆ ಇರುತ್ತದೆ. ನಾಲ್ಕರಿಂದ ಆರು ವಾರಗಳ ಬಳಿಕ ಹೊರರೋಗಿ ವಿಭಾಗದಲ್ಲಿಯೇ ಅವುಗಳನ್ನು ತೆಗೆಯುತ್ತಾರೆ.

ಶಸ್ತ್ರಚಿಕಿತ್ಸೆಯಲ್ಲಿಯೂ ತೊಡಕುಗಳಿಲ್ಲದಿಲ್ಲ. ತಂತಿಯ ಬಳಿ ನಂಜಾಗಬಹುದು, ಉಗುರು ಸೊಟ್ಟಗೆ ಬೆಳೆಯಬಹುದು, ಕೀಲು ಸ್ವಲ್ಪ ಬಿಗಿಯಾಗಿಯೇ ಉಳಿಯಬಹುದು, ತುದಿಯು ಹಿಂದಿನಷ್ಟು ನೆಟ್ಟಗಾಗದಿರಬಹುದು. ಇವೆಲ್ಲವನ್ನೂ ವೈದ್ಯರಲ್ಲಿ ಮೊದಲೇ ಕೇಳಿ ತಿಳಿದು, ಬಳಿಕ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿರಿ. ಕೇಳುವುದು ನಿಮ್ಮ ಹಕ್ಕು.

ಅನಂತರದ ಆರು ವಾರಗಳು: ಸಂಸಾರದ ಹೊಣೆ

ಶಸ್ತ್ರಚಿಕಿತ್ಸೆ ಒಂದು ಗಂಟೆಯ ಕೆಲಸ. ಬೆರಳನ್ನು ಗುಣಪಡಿಸುವುದು ಅನಂತರದ ವಾರಗಳು. ತಂತಿಯಿರುವಷ್ಟು ದಿನವೂ ಬೆರಳನ್ನು ನೀರು, ಸಗಣಿ, ಮಣ್ಣು, ಯಂತ್ರದ ಎಣ್ಣೆಗಳಿಂದ ದೂರವಿಡಬೇಕು. ಸ್ನಾನ ಮಾಡುವಾಗ ಪ್ಲಾಸ್ಟಿಕ್ ಚೀಲವನ್ನು ಕೈಗೆ ಕಟ್ಟಿಕೊಳ್ಳಬೇಕು. ಉಳಿದ ಬೆರಳು, ಮಣಿಕಟ್ಟು, ಮೊಣಕೈ, ಭುಜಗಳನ್ನು ಆಡಿಸುತ್ತಲೇ ಇರಬೇಕು. ಇಲ್ಲದಿದ್ದರೆ ಮುರಿಯದ ಬೆರಳುಗಳೂ ಬಿಗಿಯುತ್ತವೆ. ಬೀಡಿ ಸಿಗರೇಟುಗಳನ್ನು ಬಿಡಬೇಕು, ಏಕೆಂದರೆ ಧೂಮಪಾನವು ಬೆರಳುಗಳ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಗಾಯ ಮಾಯುವುದನ್ನು ತಡೆಯುತ್ತದೆ. ಸಕ್ಕರೆ ಕಾಯಿಲೆಯಿದ್ದವರು ಅದನ್ನು ಹತೋಟಿಯಲ್ಲಿಡಬೇಕು.

ಬೆರಳು ಕೆಂಪೇರಿ ಸಿಡಿಯುವಂತೆ ನೋಯುವುದು, ಕೀವು ಅಥವಾ ದುರ್ವಾಸನೆ, ಜ್ವರ, ತುದಿ ಬಿಳಿಚಿಕೊಳ್ಳುವುದು ಅಥವಾ ಕಪ್ಪಾಗುವುದು, ತಂತಿ ಸಡಿಲವಾಗುವುದು: ಇವುಗಳಲ್ಲಿ ಒಂದು ಕಂಡರೂ ನಿಗದಿಯಾದ ದಿನದವರೆಗೆ ಕಾಯದೆ ಆಸ್ಪತ್ರೆಗೆ ಹೋಗಿರಿ. ತಂತಿಯನ್ನು ಮನೆಯಲ್ಲಿ ಯಾರೂ ಎಳೆಯಕೂಡದು.

ಇಲ್ಲಿ ದಂಪತಿಗಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಗಂಡಸಿನ ಬೆರಳಿಗೆ ಪೆಟ್ಟಾದರೆ ಕೂಲಿ ನಿಲ್ಲುತ್ತದೆಂದು ಕೂಡಲೆ ಚಿಕಿತ್ಸೆಗೆ ಹೋಗುತ್ತಾರೆ. ಹೆಂಗಸಿನ ಬೆರಳಾದರೆ ಪಾತ್ರೆ ತೊಳೆಯುವುದು, ಮುದ್ದೆ ತಿರುವುವುದು, ಹಾಲು ಕರೆಯುವುದು, ಬಟ್ಟೆ ಒಗೆಯುವುದು ಯಾವುದೂ ನಿಲ್ಲುವುದಿಲ್ಲ. ಪಟ್ಟಿ ಹಾಕಿಸಿಕೊಂಡು ಬಂದ ಗೃಹಿಣಿಯು ಮೂರನೆಯ ದಿನವೇ ಅದನ್ನು ಬಿಚ್ಚಿ ಪಾತ್ರೆಗೆ ಕೈಹಾಕುವುದು ಆಕೆಯ ಅಜ್ಞಾನದಿಂದಲ್ಲ, ಮನೆಯಲ್ಲಿ ಬೇರೆ ಕೈಗಳು ಮುಂದೆ ಬಾರದಿರುವುದರಿಂದ. ಆರು ವಾರಗಳ ಕಾಲ ಪತಿಯು ನೀರು ಸೇದಿ, ಪಾತ್ರೆ ತೊಳೆದು, ಹಸು ಕರೆದರೆ ಅದರಲ್ಲಿ ಅಗೌರವವೇನೂ ಇಲ್ಲ. ಅತ್ತೆಮಾವಂದಿರೂ ಈ ಮಾತನ್ನು ಅರಿಯಬೇಕು. ಹಾಗೆಯೇ ಪತಿಯು ಮನೆಯಲ್ಲಿ ಉಳಿಯಬೇಕಾಗಿ ಬಂದಾಗ, ‘ಸಣ್ಣ ಗಾಯಕ್ಕೆ ಇಷ್ಟು ರಜೆಯೇ?’ ಎಂದು ಅವನನ್ನು ಅವಸರದಿಂದ ಕೆಲಸಕ್ಕೆ ಅಟ್ಟುವುದೂ ಸರಿಯಲ್ಲ.

ತಂತಿ ಅಥವಾ ಪಟ್ಟಿ ತೆಗೆದ ಮೇಲೆ ವೈದ್ಯರ ಅನುಮತಿ ಪಡೆದು ವ್ಯಾಯಾಮ ಆರಂಭಿಸಿರಿ. ಉಗುರುಬೆಚ್ಚಗಿನ ನೀರಿನಲ್ಲಿ ಕೈಯಿಟ್ಟು, ಇನ್ನೊಂದು ಕೈಯಿಂದ ನಡುಮೂಳೆಯನ್ನು ಹಿಡಿದು, ತುದಿಯನ್ನು ಮಾತ್ರ ಮೆಲ್ಲಗೆ ಮಡಿಚಿ ನೆಟ್ಟಗೆ ಮಾಡಿರಿ. ಪ್ರತಿ ಸಲ ಹತ್ತರಂತೆ, ದಿನಕ್ಕೆ ನಾಲ್ಕೈದು ಸಲ ಮಾಡಿದರೆ ಸಾಕು. ಒಂದೇ ದಿನದಲ್ಲಿ ಪೂರ್ಣ ಮುಷ್ಟಿ ಕಟ್ಟಲು ಯತ್ನಿಸಬೇಡಿ. ಇನ್ನೂ ಎರಡರಿಂದ ನಾಲ್ಕು ವಾರ ರಾತ್ರಿ ಹೊತ್ತು ಪಟ್ಟಿ ಧರಿಸಿರಿ. ತುದಿ ಮತ್ತೆ ಬಾಗತೊಡಗಿದರೆ ವೈದ್ಯರಿಗೆ ತೋರಿಸಿರಿ. ಕೀಲಿನ ಮೇಲೆ ಸಣ್ಣ ಗಂಟು, ಕೊಂಚ ಬಿಗಿತ, ಚಳಿಯಲ್ಲಿ ನೋವು ಕೆಲವು ತಿಂಗಳು ಉಳಿಯುವುದು ಸಾಮಾನ್ಯ; ಅದಕ್ಕಾಗಿ ಕಳವಳಪಡಬೇಕಾಗಿಲ್ಲ.

ಗರ್ಭಿಣಿಯರು ಮತ್ತು ಬಾಣಂತಿಯರು

ಗರ್ಭಿಣಿಯಾಗಿದ್ದರೆ, ಅಥವಾ ಮುಟ್ಟು ನಿಂತು ಅನುಮಾನವಿದ್ದರೆ, ವೈದ್ಯರಿಗೂ ಕ್ಷ-ಕಿರಣ ವಿಭಾಗದವರಿಗೂ ಮೊದಲೇ ತಿಳಿಸಿರಿ. ಬೆರಳಿನ ಚಿತ್ರ ತೆಗೆಯುವಾಗ ಗರ್ಭಕ್ಕೆ ತಲಪುವ ಕಿರಣ ಅತ್ಯಲ್ಪ. ಆದುದರಿಂದ ಗರ್ಭದ ಭಯದಿಂದ ಅಗತ್ಯವಾದ ಚಿತ್ರವನ್ನು ನಿರಾಕರಿಸಬಾರದು. ಬೆರಳನ್ನು ಮರಗಟ್ಟಿಸುವ ಚುಚ್ಚುಮದ್ದು ಪಡೆದ ತಾಯಿಯು ಮಗುವಿಗೆ ಎಂದಿನಂತೆ ಹಾಲೂಡಿಸಬಹುದು. ಆದರೆ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗುವುದು ಗರ್ಭಿಣಿಯರಿಗೆ ಅಪಾಯಕರ. ವೈದ್ಯರು ಬರೆದುಕೊಟ್ಟುದನ್ನೇ ಸೇವಿಸಬೇಕು. ಎಳೆಯ ಮಗುವನ್ನು ಎತ್ತಿಕೊಳ್ಳುವಾಗ ತಂತಿಯ ತುದಿ ಮಗುವಿಗೆ ತಾಗದಂತೆ ಮೆತ್ತನೆಯ ಕಟ್ಟು ಇರಲಿ.

ಎಲ್ಲಿಗೆ ಹೋಗಬೇಕು, ಖರ್ಚು ಹೇಗೆ?

ಮೊದಲಿಗೆ ನಿಮ್ಮ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ, ಅಥವಾ ಆನೇಕಲ್‌ನ ತಾಲ್ಲೂಕು ಆಸ್ಪತ್ರೆಗೆ ಹೋಗಿರಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ಸಂಜಯ ಗಾಂಧಿ ಅಪಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆ, ವಿಕ್ಟೋರಿಯಾ, ಬೌರಿಂಗ್ ಮುಂತಾದ ಸರ್ಕಾರಿ ಆಸ್ಪತ್ರೆಗಳಿವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ನೆರವು ದೊರೆಯುತ್ತದೆ. ಪಡಿತರ ಚೀಟಿ ಮತ್ತು ಆಧಾರ್ ಚೀಟಿಗಳನ್ನು ಜೊತೆಯಲ್ಲಿ ಒಯ್ಯಿರಿ.

ಕಾರ್ಖಾನೆಯಲ್ಲಿ ದುಡಿಯುವವರು ಇ.ಎಸ್.ಐ. ವ್ಯಾಪ್ತಿಗೆ ಒಳಪಟ್ಟಿದ್ದರೆ ಅವರಿಗೂ ಅವರ ಕುಟುಂಬಕ್ಕೂ ಚಿಕಿತ್ಸೆಯ ಹಕ್ಕಿದೆ. ಕೆಲಸದ ವೇಳೆ ಆದ ಗಾಯದಿಂದ ದುಡಿಯಲಾಗದ ದಿನಗಳಿಗೆ ಸಂಬಳದ ಸುಮಾರು ಶೇಕಡಾ 90ರಷ್ಟು ಭತ್ಯವೂ ದೊರೆಯುತ್ತದೆ. ಇದಕ್ಕಾಗಿ ಗಾಯವಾದ ದಿನವೇ ಮೇಲ್ವಿಚಾರಕರಿಗೆ ತಿಳಿಸಿ ಅಪಘಾತದ ಪುಸ್ತಕದಲ್ಲಿ ಬರೆಸಬೇಕು. ‘ಮನೆಯಲ್ಲಿ ಆದ ಗಾಯ’ ಎಂದು ಬರೆಸುವಂತೆ ಯಾರಾದರೂ ಹೇಳಿದರೆ ಒಪ್ಪಬೇಡಿ. ಗುತ್ತಿಗೆ ಕಾರ್ಮಿಕರೂ ತಮ್ಮ ಇ.ಎಸ್.ಐ. ಸಂಖ್ಯೆಯನ್ನು ಕೇಳಿ ಪಡೆದು, ಮನೆಯಲ್ಲಿ ಹೆಂಡತಿಗೆ ಅಥವಾ ಗಂಡನಿಗೆ ತಿಳಿದಿರುವಂತೆ ಬರೆದಿಡಬೇಕು.

ಗಾಯವಾಗದಂತೆ ತಡೆಯುವುದು

ಪ್ರೆಸ್ ಯಂತ್ರಗಳಲ್ಲಿ ಎರಡು ಕೈಗಳಿಂದಲೂ ಒತ್ತಬೇಕಾದ ಗುಂಡಿಗಳನ್ನು ಇಟ್ಟಿರುವುದು ಕೈಗಳೆರಡೂ ಅಚ್ಚಿನಿಂದ ಹೊರಗಿರಲೆಂದು. ಕೆಲಸ ಬೇಗ ಸಾಗಲೆಂದು ಒಂದು ಗುಂಡಿಯನ್ನು ಕಟ್ಟಿಹಾಕುವುದು ಬೆರಳನ್ನು ಪಣಕ್ಕಿಟ್ಟಂತೆ. ಯಂತ್ರವನ್ನು ನಿಲ್ಲಿಸದೆ ಸಿಕ್ಕಿದ ವಸ್ತುವನ್ನು ಕೈಯಿಂದ ತೆಗೆಯಬೇಡಿ. ಮೇವು ಕತ್ತರಿಸುವ ಯಂತ್ರಕ್ಕೆ ಮೇವನ್ನು ಉದ್ದವಾದ ದೋಣಿಯ ಮೂಲಕವೇ ನೂಕಿರಿ. ಕೆಲಸ ಮುಗಿದ ಮೇಲೆ ಮಕ್ಕಳು ತಿರುಗಿಸದಂತೆ ಚಕ್ರಕ್ಕೆ ಬೀಗ ಹಾಕಿರಿ. ದನದ ಹಗ್ಗವನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ. ಯಂತ್ರದ ಬಳಿ, ಆಟದ ಬಯಲಿನಲ್ಲಿ ಉಂಗುರ ಬೇಡ. ಮನೆಯ ಬಾಗಿಲ ಮೇಲಂಚಿಗೆ ಮಡಿಚಿದ ಬಟ್ಟೆಯೊಂದನ್ನು ಹಾಕಿದರೆ ಬಾಗಿಲು ಪೂರ್ತಿ ಮುಚ್ಚಿಕೊಳ್ಳದೆ ಮಕ್ಕಳ ಬೆರಳು ಉಳಿಯುತ್ತವೆ. ಕೀಲಿರುವ ಕಡೆಯ ಸಂದಿಯ ಮೇಲೆ ವಿಶೇಷ ಗಮನವಿರಲಿ.

ಹೂ ಕಟ್ಟಲು, ಗುಂಡಿ ಹಾಕಲು, ಬೀಜ ಊರಲು, ಮಗುವಿನ ಕಣ್ಣಿಗೆ ಬಿದ್ದ ಧೂಳನ್ನು ತೆಗೆಯಲು ಬೇಕಾಗುವುದು ಬೆರಳಿನ ತುದಿಯೇ. ಅಂಗುಲದಷ್ಟಿಲ್ಲದ ಆ ಭಾಗಕ್ಕೆ ಪೆಟ್ಟಾದಾಗ ಸಂಕೋಚವಿಲ್ಲದೆ ಅದೇ ದಿನ ವೈದ್ಯರಿಗೆ ತೋರಿಸಿರಿ, ಚಿತ್ರ ತೆಗೆಸಿರಿ, ಹೇಳಿದಷ್ಟು ವಾರ ಪಟ್ಟಿ ಧರಿಸಿರಿ, ಶಸ್ತ್ರಚಿಕಿತ್ಸೆ ಬೇಕೆಂದರೆ ಧೈರ್ಯದಿಂದ ಒಪ್ಪಿರಿ. ಒಬ್ಬರ ಕೈಗೆ ವಿಶ್ರಾಂತಿ ಬೇಕಾದಾಗ ಮತ್ತೊಬ್ಬರ ಕೈ ಮುಂದಾಗಲಿ.